ತೆಗೆಯದ ನಾಲ್ಕನೇ ಅಧ್ಯಾಯ

"ಮಕ್ಕಳ ಕಥೆಯಲ್ಲಿ ಸಿದ್ಧಾಂತ ಎಲ್ಲಿಂದ ಬರುತ್ತದಮ್ಮ?" ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರಂತೆ. ಉಳಿದವರು ನಕ್ಕರಂತೆ. ೧೯೯೧ರ ಬೇಸಿಗೆ. ನೀಲಾಂಬಿಕ ಪಿಎಚ್.ಡಿ.ಗೆ ಹೆಸರು ನೋಂದಾಯಿಸಲು ವಿಶ್ವವಿದ್ಯಾಲಯಕ್ಕೆ ಹೋಗಿದ್ದಳು. ಅವಳು ಆರಿಸಿಕೊಂಡ ವಿಷಯ, ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದ ಮಕ್ಕಳ ಕಥೆಗಳು. ಅವು ಬರುವ ದಾರಿಯಲ್ಲಿ ಏನೇನು ಕಳೆದುಕೊಂಡವು, ಯಾರಿಗೋಸ್ಕರ ಕಳೆದುಕೊಂಡವು ಎನ್ನುವುದು ಅವಳ ಪ್ರಶ್ನೆ.

"ನಿಮ್ಮ ಮನೆತನ ನೋಡಿದರೆ ವಚನಗಳ ಮೇಲೆ ಮಾಡಬಹುದಲ್ಲ" ಎಂದು ಇನ್ನೊಬ್ಬರು ದಾರಿ ತೋರಿಸಿದರು.

"ವಚನ ನಾವು ಮನೇಲಿ ದಿನಾ ಹೇಳ್ತೀವ್ರಿ. ಅದಕ್ಕೆ ನನ್ನ ಪಿಎಚ್.ಡಿ. ಏನೂ ಬೇಕಾಗಿಲ್ಲ. ಮಕ್ಕಳ ಕಥೆಗೆ ಬೇಕಾಗೈತಿ" ಎಂದಳು ನೀಲಾಂಬಿಕ.

ನಗು ನಿಂತಿತು. ಆ ಸಭೆಯಲ್ಲಿ ನಗದೆ ಕೂತಿದ್ದವರು ಒಬ್ಬರೇ, ಪ್ರೊಫೆಸರ್ ಚಂದ್ರಶೇಖರ್. ಅನುವಾದಕರೆಂದು ನಾಡಿನ ಈ ಭಾಗದಲ್ಲಿ ಅವರಿಗೆ ದೊಡ್ಡ ಹೆಸರಿತ್ತು. "ಈಕೆಗೆ ನಾನು ಮಾರ್ಗದರ್ಶಕನಾಗುತ್ತೇನೆ. ಹತ್ತು ಜನ ಒಂದೇ ವಿಷಯ ಉಳುವುದಕ್ಕಿಂತ ಒಬ್ಬಳು ಹೊಸ ಹೊಲ ಉಳಲಿ" ಎಂದರು. ಆ ಮನುಷ್ಯ ಅಂದು ಬಾಯಿ ತೆರೆಯದಿದ್ದರೆ ಈ ಕಥೆ ಆ ಕೋಣೆಯಲ್ಲೇ ಮುಗಿಯುತ್ತಿತ್ತು. ಮುಂದೆ ನಡೆದದ್ದನ್ನೆಲ್ಲ ಹೇಳುವಾಗಲೂ ನೀಲಾಂಬಿಕ ಇದನ್ನು ಮರೆಯುತ್ತಿರಲಿಲ್ಲ. ಕೇಳುವವರೂ ಮರೆಯದಂತೆ ನೋಡಿಕೊಳ್ಳುತ್ತಿದ್ದಳು.

ನಾನು ಜ್ಯೋತಿ, ಅವಳ ಗೆಳತಿ; ನಾವಿಬ್ಬರೂ ಸೊರಬದ ಒಂದು ಖಾಸಗಿ ಆಡಳಿತದ ಕಾಲೇಜಿನಲ್ಲಿ ಮೇಷ್ಟರು. ಅವಳು ಕನ್ನಡ, ನಾನು ಇತಿಹಾಸ. ಅವಳು ಗಂಡನ ಮನೆಯಿರುವ ಶಿಕಾರಿಪುರದಲ್ಲಿ ಬಸ್ಸು ಹತ್ತುತ್ತಿದ್ದಳು, ನಾನು ನಡುವೆ ಶಿರಾಳಕೊಪ್ಪದಲ್ಲಿ. ಪಕ್ಕದ ಸೀಟಿನ ಮೇಲೆ ಚೀಲವಿಟ್ಟು ನನಗಾಗಿ ಜಾಗ ಕಾಯ್ದುಕೊಂಡು ಬರುವಳು. ಅದಕ್ಕಾಗಿ ಕಂಡಕ್ಟರುಗಳ ಜೊತೆ ಜಗಳವಾಡುವಳು. ಹಾಗಾಗಿ ಅವಳ ಬದುಕಿನ ಬಹುಪಾಲು ನನಗೆ ಬಸ್ಸಿನಲ್ಲೇ ತಿಳಿದದ್ದು.

ಅವಳ ತವರು ಶಿರಾಳಕೊಪ್ಪವೇ. ತಂದೆ ಮಹೇಶ್ವರಪ್ಪನವರದು ಸಂತೆ ಬೀದಿಯಲ್ಲಿ ಕಾಳಿನ ಅಂಗಡಿ. ಟಿ.ಸಿ.ಎಚ್. ಮುಗಿಸಿದ ಮಗಳಿಗೆ ತಾಳಗುಂದದ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮದುವೆಯಾದ ಮೇಲೂ ಅಲ್ಲೇ ಮುಂದುವರಿದು, ಮನೆಯಲ್ಲಿ ಓದಿಕೊಂಡು ಎಂ.ಎ. ಕಟ್ಟಿ, ಆಮೇಲೆ ಕಾಲೇಜಿಗೆ ಬಂದವಳು. ಗಂಡ ಸಿದ್ಧಲಿಂಗೇಶ್ ಶಿಕಾರಿಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದರು. ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಗ್ರೀಸು. ಮಕ್ಕಳಾಗಲಿಲ್ಲ. ಇದನ್ನು ನಾನು ಬರೆಯಬೇಕಾಗಿರಲಿಲ್ಲ. ಆದರೆ ಊರಿನವರು ಅದನ್ನು ಅವಳ ವಿಷಯಕ್ಕೆ ತಂದು ಗಂಟುಹಾಕಿದ್ದರಿಂದ ಬರೆಯಬೇಕಾಯಿತು. ಸ್ಟಾಫ್ ರೂಮಿನಲ್ಲಿ ಒಬ್ಬರು ಅವಳ ಎದುರಿಗೇ, "ಮಕ್ಕಳಿಲ್ಲದೋರಿಗೆ ಮಕ್ಕಳ ಸಾಹಿತ್ಯದ ಮೇಲೆ ಆಸೆ ಜಾಸ್ತಿ ನೋಡಿ" ಎಂದುಬಿಟ್ಟರು. ನಾನು ತಲೆ ತಗ್ಗಿಸಿದೆ. ಅವಳು ತಗ್ಗಿಸಲಿಲ್ಲ.

"ಚರಮಗೀತೆ ಮೇಲೆ ಪಿಎಚ್.ಡಿ. ಮಾಡಿದೋರು ಸತ್ತು ಮಾಡಿದ್ರೇನ್ರಿ?" ಎಂದು ಕೇಳಿ, ಹಾಜರಿ ಪುಸ್ತಕ ತೆಗೆದುಕೊಂಡು ತರಗತಿಗೆ ಹೋದಳು.

ಅವಳ ಹುಚ್ಚು ಹುಟ್ಟಿದ್ದು ತಾಳಗುಂದದ ಶಾಲೆಯಲ್ಲೇ. ಅಲ್ಲಿ ಅರ್ಧ ಮಕ್ಕಳು ಕುರಿ ಸಾಕುವವರ ಮನೆಯಿಂದ ಬಂದವರು. ಕಟ್ಟಿಹಾಕಿ ಕೂರಿಸಿದರೂ ಕೂರುವವರಲ್ಲ. ಮಧ್ಯಾಹ್ನ ಕಥೆ ಓದಿದರೆ ಕೂರುತ್ತಿದ್ದರು. ಆದರೆ ಶಾಲೆಯ ಕಪಾಟಿನಲ್ಲಿದ್ದ 'ಕಥಾಮಾಲೆ' ಎಂಬ ಸರಣಿಯ ಅನುವಾದಿತ ಪುಸ್ತಕಗಳನ್ನು ಓದುವಾಗ ಒಂದು ವಿಚಿತ್ರ ನಡೆಯುತ್ತಿತ್ತು. ಕಥೆ ಮುಗಿಯುವ ಮುಂಚೆಯೇ ಮಕ್ಕಳು ಎದ್ದುಬಿಡುತ್ತಿದ್ದರು. ಬೇಸರದಿಂದಲ್ಲ, ಕಥೆ ಮುಗಿಯಿತು ಎಂದುಕೊಂಡು. ನೀತಿ ಶುರುವಾಗುವ ಸಾಲಿಗೆ ಸರಿಯಾಗಿ ಚಡ್ಡಿಯ ಧೂಳು ಕೊಡವಿಕೊಂಡು ಏಳುತ್ತಿದ್ದರು. "ಕೂತ್ಕೊಳ್ರೋ, ಇನ್ನೂ ಐತೆ" ಎಂದರೆ, "ಅದು ನಿಮಗ್ರೀ ಟೀಚರ್" ಎನ್ನುತ್ತಿದ್ದರಂತೆ.

ಅದು ನಿಮಗೆ. ಈ ಮಾತು ಅವಳನ್ನು ಬಿಡಲಿಲ್ಲ. ಮಕ್ಕಳ ಪುಸ್ತಕವನ್ನು ಮಗುವೊಂದೇ ಓದುವುದಿಲ್ಲ, ಬಾಗಿಲಲ್ಲಿ ಇನ್ನೊಬ್ಬರು ನಿಂತು ಇಣುಕಿ ನೋಡುತ್ತಿರುತ್ತಾರೆ ಎಂದು ಅವಳು ವಾದಿಸತೊಡಗಿದಳು. ಅಪ್ಪನೋ, ಮೇಷ್ಟರೋ, ಇನ್ಸ್‌ಪೆಕ್ಟರೋ. ಬರೆಯುವವನು ಮಗುವಿನ ಹೆಸರು ಹೇಳಿಕೊಂಡು ಬಾಗಿಲಲ್ಲಿ ನಿಂತವರಿಗೆ ಬರೆಯುತ್ತಾನೆ. ಅನುವಾದಿಸುವವನಿಗಂತೂ ಅವರ ಭಯ ಇನ್ನೂ ಹೆಚ್ಚು. ಬೇರೆ ದೇಶದ ಮಗುವನ್ನು ಮನೆಯೊಳಕ್ಕೆ ಕರೆತರುತ್ತಿದ್ದಾನಲ್ಲ, ಅದಕ್ಕೆ ಮೊದಲು ತಲೆಬಾಚಿ, ಕೈಮುಗಿಯುವುದನ್ನು ಕಲಿಸಿ, ಆಮೇಲೆ ಒಳಗೆ ಬಿಡುತ್ತಾನೆ. ಇಂಗ್ಲಿಷಿನ ದಪ್ಪ ಪುಸ್ತಕಗಳನ್ನು ತರಿಸಿಕೊಂಡು ಓದಿ, ಅಲ್ಲಿ ಬೇರೆ ಹೆಸರಿನಲ್ಲಿದ್ದ ವಿಚಾರಗಳ ಜೊತೆ ಕುಸ್ತಿ ಆಡಿ, ಅವಳು ಇದಕ್ಕೆ ಇಟ್ಟ ಹೆಸರು 'ಬಾಗಿಲ ಓದುಗ'. ಬಸ್ಸಿನ ಸದ್ದಿನ ನಡುವೆ ಇದನ್ನೆಲ್ಲ ನನಗೆ ಕೂಗಿ ಹೇಳುತ್ತಿದ್ದಳು. ಮುಂದಿನ ಸೀಟಿನ ಕುಪ್ಪಸದ ಬಟ್ಟೆ ವ್ಯಾಪಾರಿಗಳು ತಿರುಗಿ ನೋಡುತ್ತಿದ್ದರು.

ಮೂಲದಲ್ಲೂ ಕಥೆ ಹೀಗೇ ಮುಗಿಯುತ್ತದೆಯೇ ಎಂದು ನೋಡಲು ಅವಳು ನೋಂದಣಿಯಾದ ಮೇಲೆ ಎರಡು ವರ್ಷ ಊರೂರು ಗ್ರಂಥಾಲಯ ಅಲೆದಳು. ಕಥಾಮಾಲೆಯಲ್ಲಿ 'ದೋಣಿಯ ಹುಡುಗಿ' ಎಂಬ ಪುಸ್ತಕವಿತ್ತು. ದೂರದ ಯಾವುದೋ ತಣ್ಣನೆ ದೇಶದ ಕಥೆ, ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದದ್ದು. ಒಬ್ಬಳು ಹುಡುಗಿ ಅಪ್ಪನ ದೋಣಿಯನ್ನು ಹೇಳದೆ ತೆಗೆದುಕೊಂಡು ಸರೋವರದ ಆಚೆ ದಡ ನೋಡಲು ಹೋಗುತ್ತಾಳೆ. ಕನ್ನಡದಲ್ಲಿ ಅವಳು ಅಳುತ್ತಾ ವಾಪಸ್ಸು ಬಂದು, ಅಪ್ಪನ ಕಾಲಿಗೆ ಬಿದ್ದು, ಇನ್ನೆಂದೂ ಹಿರಿಯರ ಮಾತು ಮೀರುವುದಿಲ್ಲ ಎನ್ನುತ್ತಾಳೆ. ಇಂಗ್ಲಿಷ್ ಪುಸ್ತಕ ಕೊನೆಗೂ ಕೈಗೆ ಸಿಕ್ಕಾಗ ನೀಲಾಂಬಿಕ ಅದರ ಕೊನೆಯ ಪುಟ ತೆರೆದು ಬಸ್ಸಿನಲ್ಲಿ ನನ್ನ ಮಡಿಲಿಗೆ ಎಸೆದಳು. "ಓದು."

ಅಲ್ಲಿ ಕಾಲಿಗೆ ಬೀಳುವುದಿರಲಿ, ಹುಡುಗಿ ಅಳುವುದೂ ಇಲ್ಲ. ಒದ್ದೆ ಬಟ್ಟೆ ಒಣಗಹಾಕಿ, ತಟ್ಟೆ ಮುಂದೆ ಕೂತು, ಆಚೆ ದಡದಲ್ಲೂ ನಾಯಿಗಳು ಬೊಗಳುತ್ತವೆ ಎಂದು ಅಪ್ಪನಿಗೆ ಹೇಳುತ್ತಾಳೆ. ನಾಳೆ ಇನ್ನೂ ದೂರ ಹೋಗಬೇಕು ಎನ್ನುತ್ತಾಳೆ. ಅಪ್ಪ, ದೋಣಿಯ ಹುಟ್ಟು ಒಣಗಿಸಿ ಇಡು ಎನ್ನುತ್ತಾನೆ. ಅಷ್ಟೇ.

"ಯಾರು ಅನುವಾದ ಮಾಡಿದ್ದು?" ಎಂದೆ.

ಕನ್ನಡ ಪುಸ್ತಕದ ಒಳಪುಟ ತೆರೆದು ತೋರಿಸಿದಳು. ಚಂದ್ರಶೇಖರ್.

ಅವಳು ಆಗಲೇ ಗುರುಗಳ ಹತ್ತಿರ ಓಡಲಿಲ್ಲ. ಮೊದಲು ಎರಡು ಊರಿನ ಶಾಲೆಗಳಿಗೆ ಹೋಗಿ ಎರಡು ಕೊನೆಗಳನ್ನೂ ಮಕ್ಕಳಿಗೆ ಓದಿ ನೋಡಿದಳು. ಒಂದು ಅವಳ ಹಳೆಯ ತಾಳಗುಂದದ ಶಾಲೆ, ಇನ್ನೊಂದು ಗುಡವಿ. ಗುಡವಿಗೆ ನಾನೂ ಹೋಗಿದ್ದೆ. ಕೆರೆಯ ಕಡೆಯಿಂದ ಹಕ್ಕಿಗಳ ಗಲಾಟೆ ಎಷ್ಟಿತ್ತೆಂದರೆ ಅವಳು ಗಂಟಲು ಹರಿದುಕೊಂಡು ಓದಬೇಕಾಯಿತು. ಕಾಲಿಗೆ ಬೀಳುವ ಕೊನೆ ಬಂದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಹುಬ್ಬು ಗಂಟಿಕ್ಕಿ, "ಅವ್ಳಿಗೆ ಎಂತಾಯ್ತು ಟೀಚರ್? ಹುಷಾರಿಲ್ವ?" ಎಂದು ಕೇಳಿದಳು. ಅಲ್ಲಿಯ ತನಕ ಗಾಳಿಯ ವಿರುದ್ಧ ಹುಟ್ಟು ಹಾಕಿದ ಹುಡುಗಿ ಏಕಾಏಕಿ ಅತ್ತರೆ ಜ್ವರವೇ ಬಂದಿರಬೇಕು ಎಂದು ಅವಳ ಲೆಕ್ಕ. ನೀಲಾಂಬಿಕ ಆ ಮಾತನ್ನು ಹಾಗೇ ಬರೆದುಕೊಂಡಳು. ಪ್ರಬಂಧದ ನಾಲ್ಕನೇ ಅಧ್ಯಾಯ ಶುರುವಾಗುವುದು ಆ ಪ್ರಶ್ನೆಯಿಂದ.

ನಾಲ್ಕನೇ ಅಧ್ಯಾಯದಲ್ಲಿ ನಾಲ್ವರು ಅನುವಾದಕರ ಬಗ್ಗೆ ಬರೆದಿದ್ದಳು. ಮೂವರು ತೀರಿಕೊಂಡವರು. ನಾಲ್ಕನೆಯವರು ಚಂದ್ರಶೇಖರ್.

೧೯೯೪ರ ದೀಪಾವಳಿ ರಜೆ ಮುಗಿದ ಮೇಲೆ ಟೈಪು ಮಾಡಿಸಿದ ಅಧ್ಯಾಯಗಳನ್ನು ಅವರಿಗೆ ಕೊಟ್ಟುಬಂದಳು. ಅವರು ಕರೆಸಿದಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. "ನಾನು ಸಿಟ್ಟು ಮಾಡ್ಕೊಂಡ್ರೆ ಸೆರಗು ಜಗ್ಗು" ಎಂದು ಮೊದಲೇ ಹೇಳಿದ್ದಳು. ಜಗ್ಗುವ ಪ್ರಮೇಯ ಬರಲಿಲ್ಲ. ಇಬ್ಬರೂ ದನಿ ಏರಿಸಲೇ ಇಲ್ಲ.

ಮೇಜಿನ ಮೇಲೆ ಅಧ್ಯಾಯಗಳಿದ್ದವು. ಮೊದಲ ಮೂರರ ಅಂಚಿನ ತುಂಬ ಅವರ ಸಣ್ಣಕ್ಷರದ ಟಿಪ್ಪಣಿ. ನಾಲ್ಕನೆಯದರ ಅಂಚು ಖಾಲಿ.

"ಹುಡುಕಿ ಹುಡುಕಿ ನಿನಗೆ ನನ್ನದೇ ಸಿಕ್ಕಿತೇ?" ಎಂದರು.

"ಹುಡುಕಿದ್ದಲ್ಲ ಸರ್, ಸಿಕ್ತು. ಬೇರೆ ಮೂವರದೂ ಐತಲ್ಲ."

"ಅವರು ಸತ್ತಿದ್ದಾರೆ."

"ಅದಕ್ಕೇ ಅವರ ಬಗ್ಗೆ ಬರೆಯೋದು ಸುಲಭ ಸರ್. ಸುಲಭದ್ದಷ್ಟೇ ಇಟ್ಕೊಂಡ್ರೆ ತಪ್ಪಾಗ್ತೈತಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅದನ್ನು ಅನುವಾದಿಸಿದಾಗ ತಮಗಿನ್ನೂ ಇಪ್ಪತ್ತಾರು ವರ್ಷ, ಕೆಲಸ ಕಾಯಂ ಆಗಿರಲಿಲ್ಲ ಎಂದರು. ಕೊನೆಯನ್ನು ಮೂಲದಲ್ಲಿದ್ದಂತೆಯೇ ಬರೆದು ಕಳಿಸಿದ್ದರಂತೆ. ಕಥಾಮಾಲೆಯ ಸಂಪಾದಕರು ಅದನ್ನು ವಾಪಸ್ಸು ಕಳಿಸಿ, ಹುಡುಗಿಗೆ ಬುದ್ಧಿ ಬರದಿದ್ದರೆ ಯಾವ ಶಾಲೆಯೂ ಪುಸ್ತಕ ಮುಟ್ಟುವುದಿಲ್ಲ ಎಂದಿದ್ದರಂತೆ. "ಒಂದು ಸಂಜೆಯಲ್ಲಿ ಆ ಪುಟ ಬದಲಿಸಿದೆ. ಆಮೇಲೆ ಅದನ್ನು ತೆರೆದು ನೋಡಿಲ್ಲ."

"ಇದನ್ನೇ ಬರೀತೀನಿ ಸರ್. ನೀವು ಹೇಳಿದ ಹಂಗೇ. ನಿಮ್ಮ ತಪ್ಪು ಅಂತ ಅಲ್ಲ, ನಿಮ್ಮ ಮೇಲೆ ಏನು ಬಿತ್ತು ಅಂತ ಬರೀತೀನಿ."

"ಬರೆಯಬೇಡ ನೀಲಾಂಬಿಕ. ಅಧ್ಯಾಯ ತೆಗೆ. ಉಳಿದದ್ದು ಚೆನ್ನಾಗಿದೆ, ನಾಳೆಯೇ ಸಹಿ ಹಾಕುತ್ತೇನೆ."

ಹೊರಗೆ ಯಾರೋ ವಿದ್ಯಾರ್ಥಿಗಳು ಸೈಕಲ್ ಗಂಟೆ ಬಾರಿಸುತ್ತಾ ಹೋದರು.

"ತೆಗೆದ್ರೆ ನಾನೂ ಕೊನೆ ಬದಲಾಯಿಸಿದ ಹಂಗಾಗ್ತದೆ ಸರ್" ಎಂದಳು. ಎದ್ದು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಹಾಳೆಗಳನ್ನು ಜೋಡಿಸಿಕೊಂಡಳು. ನಾಲ್ಕನೆಯದೂ ಸೇರಿ.

ಮುಂದಿನ ತಿಂಗಳು ಚಂದ್ರಶೇಖರ್ ಮಾರ್ಗದರ್ಶನದಿಂದ ಹಿಂದೆ ಸರಿದರು. ಅವರು ಹೊರಗೆ ಎಲ್ಲೂ ಅವಳನ್ನು ಬೈದದ್ದು ನಾನು ಕೇಳಿಲ್ಲ. ಬೈಯುವ ಕೆಲಸ ಬೇರೆಯವರು ವಹಿಸಿಕೊಂಡರು. ಗುರುವಿಗೇ ತಿರುಗಿಬಿದ್ದ ಹೆಂಗಸು ಎಂಬ ಸುದ್ದಿ ಅವಳಿಗಿಂತ ಮುಂಚೆ ಸೊರಬ ತಲುಪಿತ್ತು. ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಅಕ್ಕಿ ಗಿರಣಿಯ ಸುಬ್ಬಪ್ಪನವರು. ಕೆಟ್ಟವರಲ್ಲ, ಆದರೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಚಂದ್ರಶೇಖರರನ್ನು ಕರೆಸುವುದು ಅವರ ಹೆಮ್ಮೆಗಳಲ್ಲೊಂದು.

"ಎಂತಕ್ಕೆ ಬೇಕಿತ್ತು ಮೇಡಂ ಇದು?" ಎಂದು ಅವಳನ್ನು ಕರೆದು ಕೇಳಿದರು. "ಮಕ್ಕಳ ಕಥೆ. ಹುಡುಗಿ ಕಾಲಿಗೆ ಬಿದ್ರೆಂತ, ಬಿಟ್ರೆಂತ? ಅದ್ಕೆ ಅಷ್ಟ್ ದೊಡ್ಡ ಮನುಷ್ಯರನ್ನ ಬೇಜಾರು ಮಾಡದ?"

"ಏನೂ ಅಲ್ಲ ಅನ್ನೋದಾದ್ರೆ ಅವತ್ತು ಯಾಕ್ರಿ ಬದಲಾಯಿಸ್ಬೇಕಿತ್ತು?"

ಸುಬ್ಬಪ್ಪನವರು ಸಿಟ್ಟಿನಲ್ಲಿ ಅವಳಿಂದ ಡಿಗ್ರಿ ತರಗತಿಗಳನ್ನು ಕಿತ್ತುಕೊಂಡು ಲೈಬ್ರರಿಯ ಉಸ್ತುವಾರಿಗೆ ಹಾಕಿದರು. ಪಿಯುಸಿಯ ಎರಡು ತರಗತಿ ಮಾತ್ರ ಉಳಿಯಿತು. ನಮ್ಮ ಲೈಬ್ರರಿ ಎಂದರೆ ಹಳೆಯ ಪ್ರಶ್ನೆಪತ್ರಿಕೆ, ಮುರಿದ ಬೆಂಚು, ಪಾರಿವಾಳ. ಅವಳು ಮೊದಲ ವಾರ ಪಾರಿವಾಳ ಓಡಿಸಿದಳು. ಆಮೇಲೆ ಸಿದ್ಧಲಿಂಗೇಶರು ಒಂದು ಭಾನುವಾರ ಬಂದು ಬೆಂಚುಗಳಿಗೆ ಮೊಳೆ ಹೊಡೆದರು. ತಿಂಗಳೊಳಗೆ ಅಲ್ಲಿ ಮಕ್ಕಳ ಪುಸ್ತಕಗಳ ಒಂದು ಕಪಾಟು ಎದ್ದಿತು. ಕಾಲೇಜಿನಲ್ಲಿ ಇದೆಲ್ಲ ಯಾಕೆ ಎಂದು ಪ್ರಿನ್ಸಿಪಾಲರು ಕೇಳಿದರೆ, "ನೀವೇ ಉಸ್ತುವಾರಿ ಕೊಟ್ಟಿದ್ದಲ್ಲ್ರೀ" ಎಂದಳು.

ಶಿರಾಳಕೊಪ್ಪದಿಂದ ತಂದೆ ಮಹೇಶ್ವರಪ್ಪ, ತಾಯಿ ಶಕುಂತಲಮ್ಮ ಇಬ್ಬರೂ ಶಿಕಾರಿಪುರಕ್ಕೆ ಮಗಳ ಮನೆಗೆ ಬಂದರು. ಅವತ್ತು ಊಟಕ್ಕೆ ನನ್ನನ್ನೂ ಕರೆದಿದ್ದಳು, ಬಹುಶಃ ಸಾಕ್ಷಿಗೆ. ಮಹೇಶ್ವರಪ್ಪನವರು ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತಾಡುವ ಮೆದು ದನಿಯಲ್ಲಿ, "ಹೋಗಿ ಗುರುಗಳಿಗೆ ಕೈ ಮುಗಿದು ಬಾರವ್ವ. ಅದ್ರಾಗೇನೈತಿ?" ಎಂದರು.

"ಕೈ ಮುಗಿದು ಬಂದೀನಪ್ಪ. ಬೇಕಂದ್ರೆ ಇನ್ನೊಂದ್ಸಲ ಮುಗಿತೀನಿ. ಅಧ್ಯಾಯ ತೆಗಿಯಲ್ಲ."

"ಹಠ ಯಾರಿಗೆ ಒಳ್ಳೇದು ಮಾಡೈತಿ?"

"ಕೇಳಿದ್ದಕ್ಕೆಲ್ಲ ಹೂಂ ಅಂದೋರಿಗೆ ಏನು ಒಳ್ಳೇದಾಗೈತಿ, ಅದನ್ನೂ ಹೇಳಪ್ಪ."

ಅವರು ಅಳಿಯನ ಕಡೆ ನೋಡಿದರು. ಸಿದ್ಧಲಿಂಗೇಶ್ ಉಗುರಿನ ಸಂದಿಯ ಗ್ರೀಸು ಕೆರೆಯುತ್ತಿದ್ದರು. "ಅಕಿ ಕೆಲ್ಸ ಅಕಿಗೆ ಗೊತ್ರಿ ಮಾವ. ನನ್ನ ಮೋಟರಿಗೆ ಅಕಿ ಕೈ ಹಾಕಲ್ಲ" ಎಂದರು. ಶಕುಂತಲಮ್ಮ ಎದ್ದು ನಿಂತು, "ಮಾತು ಮುಗೀತಲ್ಲ, ಊಟಕ್ಕೇಳ್ರಿ" ಎಂದು ರೊಟ್ಟಿ ಬುಟ್ಟಿ ತಂದರು. ತಾಯಿ ತನ್ನ ಕಡೆಗಿದ್ದಳೋ ತಂದೆಯ ಕಡೆಗೋ ಎಂದು ನೀಲಾಂಬಿಕ ಆಮೇಲೆ ನನ್ನನ್ನು ಎಷ್ಟೋ ಸಲ ಕೇಳಿದ್ದಾಳೆ. ನನಗೂ ಗೊತ್ತಾಗಲಿಲ್ಲ.

ಮರುವರ್ಷ ನಮ್ಮ ಕಾಲೇಜಿನಲ್ಲಿ ಅನುವಾದದ ಬಗ್ಗೆ ವಿಚಾರ ಸಂಕಿರಣ ನಡೆಯಿತು. ಹೊರಗಿನಿಂದ ಬರಬೇಕಿದ್ದ ಒಬ್ಬರು ಕೈಕೊಟ್ಟದ್ದರಿಂದ ಅವಳ ಹೆಸರು ಸೇರಿತು. ಸಾಮಾನ್ಯವಾದ ಏನಾದರೂ ಹೇಳುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳು ನಾಲ್ಕನೇ ಅಧ್ಯಾಯ ಓದತೊಡಗಿದಳು. ಚಂದ್ರಶೇಖರರ ಹೆಸರು ಬಂದ ಕೂಡಲೇ ವೇದಿಕೆಯ ಮೇಲಿದ್ದ ಸುಬ್ಬಪ್ಪನವರು ಮುಂದಕ್ಕೆ ಬಾಗಿ, "ಮೇಡಂ, ಬೇರೆ ಎಂತಾದ್ರೂ ಹೇಳಿ" ಎಂದರು. ಅವಳು ಪುಟ ತಿರುಗಿಸಿದಳು, ಮುಂದಕ್ಕೆ ಓದಿದಳು. ಒಂದೆರಡು ನಿಮಿಷದಲ್ಲಿ ಮೈಕು ಸತ್ತಿತು. ಕರೆಂಟು ಇತ್ತು, ಫ್ಯಾನು ತಿರುಗುತ್ತಿತ್ತು. ಮೈಕು ಮಾತ್ರ ಸತ್ತಿತ್ತು.

ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಮೂರು ತರಗತಿ ನಡೆಸಿದವಳ ಗಂಟಲು ಅದು. ಮೈಕಿನ ಮುಂದಿನಿಂದ ಪಕ್ಕಕ್ಕೆ ಸರಿದು ನಿಂತು ಓದಿದಳು. ಅರ್ಧ ಸಭೆ ಎದ್ದು ಹೋಯಿತು. ನಮ್ಮ ಸಹೋದ್ಯೋಗಿಗಳೇ ಹೆಚ್ಚು. ವಿದ್ಯಾರ್ಥಿಗಳು ಕೂತರು. ಕೆಲವರು ನಿಜವಾಗಿ ಕೇಳುತ್ತಾ, ಕೆಲವರು ಜಗಳ ನೋಡುವ ಆಸೆಯಿಂದ. ಮುಗಿಸಿ ಇಳಿದು ಬಂದಳು. ನನ್ನ ಪಕ್ಕ ಕೂತು, "ನೀರು ಕೊಡೇ ಜ್ಯೋತೀ" ಎಂದಳು. ಕುಡಿದು, "ಎದ್ದು ಹೋದ್ರಲ್ಲ, ಯಾವ ಸಾಲಿಗೆ ಎದ್ರು ಅಂತ ನೋಡ್ಕೊಂಡ್ಯಾ?" ಎಂದು ಕೇಳಿದಳು.

ಆ ಸಭೆಗೆ ಬೇರೆ ವಿಶ್ವವಿದ್ಯಾಲಯದಿಂದ ಮಾರಪ್ಪ ಎಂಬ ಇಂಗ್ಲಿಷ್ ಮೇಷ್ಟರು ಬಂದಿದ್ದರು. ಅನುವಾದ ಕಲಿಸುವವರು, ಊಟದ ಹೊತ್ತಿನಲ್ಲೂ ಯಾರೊಂದಿಗೂ ಬೆರೆಯದವರು. ಸಂಜೆ ಬಸ್ ನಿಲ್ದಾಣದಲ್ಲಿ ನಮ್ಮನ್ನು ಹುಡುಕಿಕೊಂಡು ಬಂದು, "ನಿಮ್ಮ ವಾದದಲ್ಲಿ ಎರಡು ಕಡೆ ತೂತಿದೆ. ಮುಚ್ಚುವ ಇಷ್ಟವಿದ್ದರೆ ನನ್ನ ಹತ್ತಿರ ಮತ್ತೆ ನೋಂದಾಯಿಸಿ" ಎಂದರು. ಹೊಗಳಿಕೆ ಇಲ್ಲ, ಸಹಾನುಭೂತಿ ಇಲ್ಲ. ನೀಲಾಂಬಿಕಳಿಗೆ ಬಹಳ ಇಷ್ಟವಾಯಿತು.

ಮತ್ತೆ ಮೊದಲಿನಿಂದ. ಹಳೆಯ ನೋಂದಣಿಯ ವರ್ಷಗಳು ಲೆಕ್ಕಕ್ಕೆ ಬರಲಿಲ್ಲ. ಬೆಳಗ್ಗೆ ಅಡುಗೆ, ಬಸ್ಸು, ಲೈಬ್ರರಿ, ಸಂಜೆ ಶಾಲೆಗಳಲ್ಲಿ ಓದುವುದು. ಶಿಕಾರಿಪುರದ ಸುತ್ತ ಭತ್ತದ ಗದ್ದೆಗಳೆಲ್ಲ ಮೆಕ್ಕೆಜೋಳಕ್ಕೆ ತಿರುಗುತ್ತಿದ್ದ ಕಾಲ ಅದು. ಕಿಟಕಿಯಾಚೆ ಹೊಲದ ಬಣ್ಣ ಬದಲಾಗುವುದನ್ನು ನಾನು ನೋಡುತ್ತಿದ್ದರೆ ಅವಳು ತಲೆ ಎತ್ತದೆ ಹಾಳೆ ತಿದ್ದುತ್ತಿದ್ದಳು. ಮಾರಪ್ಪನವರು ಹೇಳಿದ ಎರಡು ತೂತು ಮುಚ್ಚುವಷ್ಟರಲ್ಲಿ ಅವಳೇ ಮೂರನೆಯದನ್ನು ಕಂಡುಹಿಡಿದಿದ್ದಳು. ಪ್ರಬಂಧದ ಕೊನೆಗೆ 'ದೋಣಿಯ ಹುಡುಗಿ'ಯ ತನ್ನದೇ ಅನುವಾದವನ್ನೂ ಸೇರಿಸಿದಳು. ಅದರಲ್ಲಿ ಅಪ್ಪ ಮಗಳು ಇಬ್ಬರೂ ನಮ್ಮ ಕಡೆಯ ಮಾತನ್ನೇ ಆಡುತ್ತಿದ್ದರು.

೧೯೯೮ರಲ್ಲಿ ಮೌಖಿಕ ಪರೀಕ್ಷೆ ನಡೆಯಿತು. ಯಾರು ಬೇಕಾದರೂ ಬಂದು ಕೂರಬಹುದಾದ ಸಭೆ. ಹೊರಗಿನಿಂದ ಬಂದ ಪರೀಕ್ಷಕರು ಭಾಷೆಯ ಬಗ್ಗೆ ಗೊಣಗಿದರು. ಆಡುಮಾತು ಪುಸ್ತಕಕ್ಕೆ ಒಗ್ಗುವುದಿಲ್ಲ, ಶಿಷ್ಟ ಕನ್ನಡದಲ್ಲಿ ಇರಬೇಕಿತ್ತು ಎಂದರು. "ಮೂಲದ ಹುಡುಗಿ ಬೆಸ್ತರ ಮನೆಯವಳು ಸರ್. ಅವಳಿಗೆ ಶಿಷ್ಟ ಭಾಷೆ ಯಾಕೆ ಉಡಿಸ್ಲಿ?" ಎಂದಳು. ಅವರು ಏನೋ ಬರೆದುಕೊಂಡರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಚಂದ್ರಶೇಖರ್. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರು ಬಂದು ಕೂತದ್ದು ನನಗೆ ಗೊತ್ತೇ ಆಗಿರಲಿಲ್ಲ.

"ನನ್ನದೊಂದು ಪ್ರಶ್ನೆ" ಎಂದರು. "ಅಂದು ನಾನು ಆ ಪುಟ ಬದಲಿಸದೆ ಇದ್ದಿದ್ದರೆ ಆ ಕಥೆ ಕನ್ನಡಕ್ಕೆ ಬರುತ್ತಲೇ ಇರಲಿಲ್ಲ. ನೀವು ಅದನ್ನು ಓದುತ್ತಿರಲಿಲ್ಲ, ಈ ಪ್ರಬಂಧವೂ ಇರುತ್ತಿರಲಿಲ್ಲ. ಬಾರದೆ ಇರುವುದು ಮೇಲೋ, ಬದಲಾಗಿ ಬರುವುದು ಮೇಲೋ?"

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಇಷ್ಟು ವರ್ಷಗಳಲ್ಲಿ ಅವಳು ಮಾತಿಗೆ ತಡವರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಬಂದದ್ದೇ ಮೇಲು ಸರ್" ಎಂದಳು. "ಕಥೆ ಬಂದದ್ದು ನಿಮ್ಮಿಂದ. ಅದನ್ನ ಪ್ರಬಂಧದಲ್ಲಿ ಬರೆದೀನಿ. ಆದ್ರೆ ಬದಲಾಯಿಸಿದೀನಿ ಅಂತ ಪುಸ್ತಕದಲ್ಲಿ ಒಂದು ಸಾಲು ಇರ್ಲಿಲ್ಲ. ಹೆದರಿಕೆ ಎಲ್ರಿಗೂ ಐತಿ. ನನಗೂ ಐತಿ, ಈಗ್ಲೂ ಐತಿ. ಹೆದರಿ ಬದಲಾಯಿಸಿದ್ದನ್ನ ಮೂಲ ಅಂತ ಮಕ್ಕಳ ಕೈಗೆ ಕೊಡಬಾರ್ದು. ಆ ದೇಶದ ಹುಡುಗೀರೂ ಕಾಲಿಗೆ ಬೀಳ್ತಾರೆ ಅಂತ ನಾವೆಲ್ಲ ನಂಬಿದ್ವಿ ಸರ್. ನಾನೂ ನಂಬಿದ್ದೆ. ಅದು ಸಣ್ಣ ನಷ್ಟ ಅಲ್ಲ."

"ಉತ್ತರ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಉತ್ತರವೇ" ಎಂದು ಹೇಳಿ ಅವರು ಕೂತರು. ಪದವಿ ಘೋಷಣೆಯಾಗಿ ಎಲ್ಲರೂ ಚಹಾಕ್ಕೆ ಏಳುವಾಗ ಅವರು ಹೊರಟುಹೋಗಿದ್ದರು. ನೀಲಾಂಬಿಕ ಮೆಟ್ಟಿಲಿನವರೆಗೂ ಓಡಿದಳು. ರಸ್ತೆಯಲ್ಲಿ ಆಟೋ ತಿರುಗುವುದಷ್ಟೇ ಕಂಡಿತು. ಆಮೇಲೆ ಅವರಿಬ್ಬರೂ ಭೇಟಿಯಾಗಲಿಲ್ಲ.

ಪಿಎಚ್.ಡಿ. ಬಂದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಸರಿಹೋಗಲಿಲ್ಲ. ಮರುವರ್ಷ ಅವಳು ಒಂದು ವಿಶ್ವವಿದ್ಯಾಲಯದ ಅಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಹೋದಳು. "ನಮ್ಮ ಪಠ್ಯಕ್ರಮದಲ್ಲಿ ಮಕ್ಕಳ ಸಾಹಿತ್ಯದ ಪತ್ರಿಕೆಯೇ ಇಲ್ಲವಲ್ಲ, ನೀವೇನು ಪಾಠ ಮಾಡುತ್ತೀರಿ?" ಎಂದು ಕೇಳಿದರಂತೆ. "ಇಲ್ದಿದ್ರೆ ಶುರು ಮಾಡ್ತೀನಿ" ಎಂದಳಂತೆ. ಕೆಲಸ ಇನ್ನೊಬ್ಬರಿಗೆ ಹೋಯಿತು. ಮಾರಪ್ಪನವರು ಫೋನಿನಲ್ಲಿ, ಸ್ವಲ್ಪ ಬಗ್ಗಿ ಮಾತಾಡಬಹುದಿತ್ತು ಎಂದರಂತೆ. ಎಸ್.ಟಿ.ಡಿ. ಬೂತಿನಿಂದ ಹೊರಗೆ ಬಂದವಳ ಕಣ್ಣು ಕೆಂಪಾಗಿತ್ತು. ಅತ್ತಿದ್ದಳು, ಅದನ್ನು ಮುಚ್ಚಿಡಲಿಲ್ಲ. "ಆ ಕುರ್ಚಿ ನನಗೆ ಬೇಕಾಗಿತ್ತು ಕಣೇ" ಎಂದಳು. "ಬ್ಯಾಡಾಗಿತ್ತು ಅಂತ ಯಾರ ಮುಂದೂ ಹೇಳಲ್ಲ ನಾನು."

ಅದಾಗಿ ಹದಿನೈದು ದಿನಕ್ಕೆ ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಅವಳ ಕೈಬರಹದ ಒಂದು ಹಾಳೆ ಕಾಣಿಸಿತು. ಪ್ರತಿ ಶನಿವಾರ ಮಧ್ಯಾಹ್ನ ಲೈಬ್ರರಿಯಲ್ಲಿ ಮಕ್ಕಳ ಸಾಹಿತ್ಯ ಮತ್ತು ಅನುವಾದದ ತರಗತಿ. ಅಂಕವಿಲ್ಲ, ಸರ್ಟಿಫಿಕೇಟಿಲ್ಲ. ಪ್ರಿನ್ಸಿಪಾಲರು ಇಂಥದ್ದಕ್ಕೆ ನಿಯಮವಿಲ್ಲ ಎಂದರು. ಬೇಡವೆನ್ನುವ ನಿಯಮ ತೋರಿಸಿ ಎಂದು ಅವಳು ಕೇಳಿದಳು. ಸುಬ್ಬಪ್ಪನವರ ತನಕ ಹೋಯಿತು. ಅವರು ಗಿರಣಿಯ ಕಚೇರಿಯಲ್ಲಿ ನಿಟ್ಟುಸಿರುಬಿಟ್ಟು, "ಮಾಡ್ಕಳ್ಳಿ ಮಾರಾಯ್ರೆ. ಬ್ಯಾಡ ಅಂದ್ರೆ ರಸ್ತೆ ಮೇಲೆ ಮಾಡ್ತರೆ ಇವ್ರು" ಎಂದರು.

ಮೊದಲ ಶನಿವಾರ ಬಂದವರು ಬೆರಳೆಣಿಕೆಯಷ್ಟು. ಅವರಲ್ಲಿ ಚೈತ್ರಶ್ರೀ ಎಂಬ ಎರಡನೇ ಬಿ.ಎ. ಹುಡುಗಿ, ಶಿಕಾರಿಪುರದ ಹತ್ತಿರದ ಹಳ್ಳಿಯವಳು. ಇಂಗ್ಲಿಷಿನಿಂದ ಒಂದು ಪುಟ್ಟ ಕಥೆಯನ್ನು ಅನುವಾದಿಸಿ ತಂದಳು. ಅದರಲ್ಲಿ ಹಿಮ ಬೀಳುವ ಜಾಗಕ್ಕೆಲ್ಲ 'ಮಂಜು ಉದುರ್ತಿತ್ತು' ಎಂದು ಬರೆದಿದ್ದಳು. ಮಂಜು ಉದುರುವುದಿಲ್ಲ, ಕವಿಯುತ್ತದೆ; 'ಹಿಮ' ಎಂದು ಹಾಕು ಎಂದಳು ನೀಲಾಂಬಿಕ. ಹುಡುಗಿ ಒಪ್ಪಲಿಲ್ಲ.

"ಹಿಮ ಅಂದ್ರೆ ನಮ್ಮೂರ ಹುಡುಗ್ರಿಗೆ ಭೂಗೋಳದ ಪಾಠ ನೆನಪಾಗ್ತೈತಿ ಮೇಡಂ. ಮಂಜು ಉದುರ್ತಿತ್ತು ಅಂದ್ರೆ, ಅದ್ಹೆಂಗೆ ಉದುರ್ತೈತಿ ಅಂತ ಕೇಳ್ತಾರೆ. ಕೇಳ್ಲಿ ಅಂತಲೇ ಹಾಕೀನಿ."

"ತಪ್ಪು ಪದ ಹಾಕಿ ಕೇಳಿಸ್ಬೇಕಾ?"

"ನಾನು ತೆಗಿಯಲ್ರೀ."

ಅರ್ಧ ಗಂಟೆ ವಾದ ನಡೆಯಿತು. ಚೈತ್ರಶ್ರೀ ಹಾಳೆ ಮಡಚಿ ಚೀಲಕ್ಕೆ ತುರುಕಿಕೊಂಡು, ಮುಂದಿನ ವಾರ ಬರುತ್ತೇನೆ, ಪದ ಮಾತ್ರ ಬದಲಾಗುವುದಿಲ್ಲ ಎಂದು ಹೇಳಿ ಹೋದಳು.

ಅಂದು ಬಸ್ಸಿನಲ್ಲಿ ನೀಲಾಂಬಿಕ ಕುದಿಯುತ್ತಿದ್ದಳು. "ಎಷ್ಟು ಸೊಕ್ಕು ನೋಡೇ ಅವಳಿಗೆ! ಇಪ್ಪತ್ತು ವರ್ಷ ಆಗಿಲ್ಲ ಇನ್ನೂ. ಮಂಜು ಉದುರ್ತೈತಂತೆ, ಮಂಜು!" ನಾನು ನಗು ತಡೆದುಕೊಂಡು ಹೊರಗೆ ನೋಡುತ್ತಿದ್ದೆ. ಶಿರಾಳಕೊಪ್ಪ ಬಂತು. ಸಂತೆಯ ಜನ ಚೀಲಗಳ ಸಮೇತ ಬಾಗಿಲಿಗೆ ಮುತ್ತಿದರು. ನಾನು ಹೇಗೋ ಇಳಿದು ನಿಂತೆ. ಬಸ್ಸು ಹೊರಟಾಗ ಅವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗುತ್ತಿದ್ದಳು.

"ಮುಂದಿನ ಶನಿವಾರ ನೀನೂ ಬಾರೇ! ಒಬ್ಬಳೇ ಆದ್ರೆ ಅವಳನ್ನ ನನ್ನ ಕೈಲಿ ಗೆಲ್ಲಕ್ಕಾಗಲ್ಲ!"